ಮೊದಲ ಸರದಿಯ ವೀಳ್ಯ

ಸಂಜೀವಣ್ಣ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಬೆರಳುಗಳನ್ನು. ಮುಖವನ್ನು ನೋಡುತ್ತಿದ್ದುದು ಆಮೇಲೆ. ವಂಡ್ಸೆ ಪೇಟೆಯ ಅವರ ಹೊಲಿಗೆ ಅಂಗಡಿಗೆ ಅಂಗಿ ಹೊಲಿಸಲು ಹೋದವನ ಎದೆ, ತೋಳುಗಳ ಅಳತೆ ತೆಗೆದಾದ ಮೇಲೆ ಟೇಪನ್ನು ಕೊರಳಿಗೆ ಹಾಕಿಕೊಂಡು, "ಕೈ ಬಿಡ್ಸಿ ಕಾಂಬ" ಎನ್ನುತ್ತಿದ್ದರು. ಅಂಗಿಗೂ ಬೆರಳಿಗೂ ಏನು ಸಂಬಂಧವೆಂದು ಗಿರಾಕಿ ತಬ್ಬಿಬ್ಬಾಗುತ್ತಿದ್ದ. ಅವರು ಹುಡುಕುತ್ತಿದ್ದುದು ತಮ್ಮ ವಾಲಿಬಾಲ್ ತಂಡಕ್ಕೊಬ್ಬ ಲಿಫ್ಟರ್‌ನನ್ನು: ಬಂದ ಚೆಂಡನ್ನು ಬೆರಳ ತುದಿಯಲ್ಲಿ ಬಲೆಯ ಮೇಲಕ್ಕೆತ್ತಿ, ಹೊಡೆಯುವವನಿಗೆ ಒದಗಿಸಿಕೊಡುವ ಆಟಗಾರನನ್ನು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಕೆಲವು ಊರುಗಳ ತಂಡಗಳು ಸೇರಿ ನಡೆಸುವ ಕೂಟ ನಮ್ಮದು. ಪ್ರತಿವರ್ಷ ಚೀಟಿ ಎತ್ತಿ, ಬಂದ ಸರದಿಯಂತೆ ತಂಡಗಳು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಮೊದಲ ಸರದಿಯಲ್ಲಿ ಆರಿಸಿದವನಿಗೆ ಎಲ್ಲರೆದುರು ವೀಳ್ಯ ಕೊಡುವುದು ಪದ್ಧತಿ. ಅದನ್ನು ಪಡೆದವನು ಮೂರು ವರ್ಷ ಬೇರೆ ತಂಡಕ್ಕೆ ಹೋಗುವಂತಿಲ್ಲ. ತಂಡವೂ ಅವನನ್ನು ಬಿಡುವಂತಿಲ್ಲ. ಆದ್ದರಿಂದ ಮೊದಲ ವೀಳ್ಯ ಸಾಮಾನ್ಯವಾಗಿ ಹೊಡೆತಗಾರನಿಗೇ ಸಲ್ಲುತ್ತಿತ್ತು. ಲಿಫ್ಟರ್ ಪಳಗಲು ಕಾಲ ಬೇಕು, ಕಡೆಯ ಸರದಿಯಲ್ಲಿ ಹಳಬನೊಬ್ಬ ಹೇಗೂ ಸಿಗುತ್ತಾನೆ ಎಂಬುದು ಎಲ್ಲರ ಲೆಕ್ಕಾಚಾರ. ಸಂಜೀವಣ್ಣನದು ಮಾತ್ರ ಇದಕ್ಕೆ ವಿರುದ್ಧವಾದ ಮತ: ಪಂದ್ಯ ಗೆಲ್ಲಿಸುವವನೇ ಲಿಫ್ಟರ್, ಮೊದಲ ವೀಳ್ಯ ಅವನಿಗೇ ಸಲ್ಲಬೇಕು.

ಕೂಟದ ದಾಖಲೆಗಳನ್ನು ನೋಡಿಕೊಳ್ಳುವ ಹೊಣೆ ನಿವೃತ್ತಿಯ ನಂತರ ನನ್ನ ಪಾಲಿಗೆ ಬಂದಿತ್ತು. ಹಳೆಯ ಪಂದ್ಯಗಳನ್ನು ಒಂದೊಂದಾಗಿ ತಾಳೆ ನೋಡಿ, ಸಾಕ್ಷ್ಯ ಎರಡೂ ಪಕ್ಷಕ್ಕಿದೆ, ಅವರ ಮತ ಸಿದ್ಧವಾಗುವುದಿಲ್ಲ ಎಂದು ಅವರಿಗೆ ತಿಳಿಸಿದೆ. ಎಂದೂ ಶಾಲೆಯಲ್ಲಿ ಕಲಿಸದ ನನ್ನನ್ನು ಅವರು ಮಾಷ್ಟ್ರೆ ಎಂದೇ ಕರೆಯುತ್ತಿದ್ದರು.

"ಬುಕ್ಕಂಗೆ ಇಪ್ಪುದ್ ಹೊಡ್ದವ್ರ ಹೆಸ್ರ್, ಮಾಷ್ಟ್ರೆ. ಎತ್ತಿ ಕೊಟ್ಟವ್ನ ಹೆಸ್ರ್ ಎಲ್ಲಿತ್ತ್?"



ಕೊಕ್ಕರ್ಣೆಯ ಶಾಲೆಯ ಜಗುಲಿಯಲ್ಲಿ ನಡೆದ ಆಯ್ಕೆ ನನಗೆ ಚೆನ್ನಾಗಿ ನೆನಪಿದೆ. ಅದರ ಕರಪತ್ರದಲ್ಲಿ ವಾರವಿದೆ, ಇಸವಿಯಿಲ್ಲ. ಸಂಜೀವಣ್ಣನ ಕಣ್ಣಿನ ಶಸ್ತ್ರಚಿಕಿತ್ಸೆಯ ಚೀಟಿಯೊಡನೆ ಹೋಲಿಸಿ, ಅದರ ಹಿಂದಿನ ವರ್ಷದ್ದೆಂದು ನಿಶ್ಚಯಿಸಿಕೊಂಡಿದ್ದೇನೆ. ಆ ದಿನ ಮೊದಲ ಚೀಟಿ ಇವರಿಗೇ ಬಂತು. ಇವರು ಕರೆದ ಹೆಸರು ಕೆರಾಡಿಯ ಪ್ರಕಾಶನದು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವನು. ಒಳ್ಳೆಯ ಹೊಡೆತಗಾರನೆಂದು ಆಗಲೇ ಹೆಸರಾಗಿದ್ದವನು. ಹೊಡೆಯುವುದಕ್ಕೇ ಕರೆದರೆಂದು ತಿಳಿದು, ನಗುನಗುತ್ತ ಬಂದು ವೀಳ್ಯ ತೆಗೆದುಕೊಂಡ. ಆಮೇಲೆ ಸಂಜೀವಣ್ಣ, "ಇವ ನಮ್ಮ ಲಿಫ್ಟರ್" ಎಂದರು. ಪ್ರಕಾಶನ ನಗು ಅಲ್ಲಿಗೇ ನಿಂತಿತು.

"ಹ್ವಾಯ್ ಸಂಜೀವಣ್ಣ, ಜನ ಹುಡ್ಕಿದ್ದ್ ಆಟಕ್ಕಾ, ಅಂಗಿಗೆ ಗುಂಡಿ ಹಾಕುಕಾ?" ಎಂದು ಎದುರು ತಂಡದ ಶೀನ ಕೂಗಿದ.

"ಗುಂಡಿ ಇಲ್ದಿರೆ ನಿನ್ನಂಗಿ ಮೈ ಮೇಲ್ ನಿಲ್ತಾ ಮಗಾ?"

ಜಗುಲಿಯೆಲ್ಲ ನಕ್ಕಿತು, ಪ್ರಕಾಶನೊಬ್ಬನ ಹೊರತು.

ಮೊದಲ ವರ್ಷ ತಂಡ ಸೋತಿತು. ಎರಡನೆಯ ವರ್ಷದ ಆರಂಭದಲ್ಲೂ ಸೋತಿತು. ಪ್ರಕಾಶ ಎತ್ತಿದ ಚೆಂಡು ಒಮ್ಮೆ ಬಲೆಗೆ ತಗಲುತ್ತಿತ್ತು, ಇನ್ನೊಮ್ಮೆ ಯಾರಿಗೂ ಎಟುಕದೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ನಾನಲ್ಲಿ ಕುಳಿತಿದ್ದಾಗ ಅವನು ಅಂಗಡಿಗೆ ಬಂದ.

"ಬೈಂದೂರಿನವ್ರ್ ಕರಿತಿದ್ರ್, ಸಂಜೀವಣ್ಣ. ಹೊಡುಕೆ. ನನ್ನ್ ಬಿಟ್ಬಿಡಿ."

"ವೀಳ್ಯ ತಕಂಡವ ನೀನ್, ಕೊಟ್ಟವ ನಾನ್. ಇಬ್ರಿಗೂ ಬಿಡುಕಾತಿಲ್ಲೆ ಮಾರಾಯ."

ಅವನು ಹೊರಟುಹೋದ. ಸಂಜೀವಣ್ಣ ಬಹಳ ಹೊತ್ತು ಹೊಲಿಗೆ ಯಂತ್ರವನ್ನು ತುಳಿಯಲಿಲ್ಲ.

"ನಾನೂ ಮೊದ್ಲ್ ಹೊಡುವವನೇ, ಮಾಷ್ಟ್ರೆ. ಬೆರ‍್ಳ್ ಲಾಯ್ಕಿತ್ತ್ ಅಂತ ಹೇಳಿ ವೀಳ್ಯ ಕೊಟ್ರ್. ಮೂರ್ ವರ್ಷ ಅಂದ್ರ್. ಮೂರ್ ಮುಗಿಯುದ್ರೊಳ್ಗೆ ಹೊಡುದೇ ಮರ್ತ್ ಹೋಯ್ತ್." ಕತ್ತರಿಯನ್ನು ಪಕ್ಕಕ್ಕಿಟ್ಟು, "ಆ ನಿಯಮ ಬುಕ್ಕಂಗೆ ಹ್ಯಾಂಗ್ ಬರ್ದಿದ್ರ್, ಒಂದ್ಸಲ ಕಾಣಿ. ಅವ್ನ ಬಿಡುಕೆ ಎಂತಾರೂ ದಾರಿ ಇತ್ತಾ ಅಂತ" ಎಂದರು.

ಮೊದಲ ಸಭೆಯಿಂದ ಮೊದಲುಗೊಂಡು ಎಲ್ಲ ನಡಾವಳಿಗಳನ್ನೂ ಎರಡು ಸಲ ಓದಿದೆ. "ಮೊದಲ ಸರದಿಯವನಿಗೆ ವೀಳ್ಯ ಕೊಟ್ಟು ಗೌರವಿಸತಕ್ಕದ್ದು" ಎಂಬ ಒಂದೇ ಸಾಲು ಅಲ್ಲಿತ್ತು. ಮೂರು ವರ್ಷದ ಮಾತು ಎಲ್ಲಿಯೂ ಇರಲಿಲ್ಲ. ಅದು ಬಾಯಿಂದ ಬಾಯಿಗೆ ಬಂದು ನಿಯಮವಾಗಿತ್ತು. ಶುಭವಾರ್ತೆಯೆಂದೇ ಭಾವಿಸಿ ಅವಸರದಿಂದ ಅಂಗಡಿಗೆ ಹೋಗಿ ತಿಳಿಸಿದೆ. ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಿದ್ದ ಸೂಜಿ ಬಟ್ಟೆಯಲ್ಲೇ ನಿಂತಿತು.

"ಹಂಗಾರೆ ನನ್ನ ಕಟ್ಟಿ ಹಾಕಿದ್ದ್ ಯಾರ್?"

ಅವರು ಸೂಜಿಯನ್ನು ಎಳೆದು ದಾರ ಕಡಿದರು.

"ಪ್ರಕಾಶನ ಹತ್ರ ನೀವ್ ಹೇಳ್ಬೇಡಿ. ನಾನೇ ಹೇಳ್ತೆ" ಎಂದರು. ನಾನು ಮಾತು ಕೊಟ್ಟೆ.

ಅವರು ಹೇಳಲಿಲ್ಲ. ವಾರಗಳು ಕಳೆದವು. ಪ್ರಕಾಶ ಮುಖ ಬಿಗಿದುಕೊಂಡು ಆಡುತ್ತಲೇ ಇದ್ದ. ಕೊಟ್ಟ ಮಾತಿಗೆ ಸಿಕ್ಕ ನಾನು ಅಂಕಣದ ಪಕ್ಕದಲ್ಲಿ ಅಂಕ ಬರೆಯುತ್ತಲೇ ಇದ್ದೆ. ಸಂಜೀವಣ್ಣನನ್ನು ನಾನು ಕೊನೆಯ ಸಲ ಕಂಡದ್ದು ಅಲ್ಲಿಯೇ, ಅವರ ತಂಡ ಗೆದ್ದ ಒಂದು ಸಂಜೆ.

"ಹೇಳಿದಿರಾ?" ಎಂದು ಕೇಳಿದೆ.

"ಹೇಳುಕೆ ಅಂತ ದಿನಾ ಬಾಯಿ ತೆಗಿತೆ, ಮಾಷ್ಟ್ರೆ. ಕಾಣಿ, ಅವ ಎಷ್ಟ್ ಲಾಯ್ಕ್ ಎತ್ತುಕೆ ಸುರು ಮಾಡಿದ." ಅವರ ಕಣ್ಣು ತುಂಬಿತ್ತು; ಸಂತೋಷಕ್ಕೋ ನಾಚಿಕೆಗೋ ನಾನು ನಿರ್ಧರಿಸಲಾರೆ. "ಬಪ್ಪ ಆಯ್ತವಾರ ಹೇಳ್ತೆ."

ಆ ಭಾನುವಾರಕ್ಕೆ ಮೊದಲೇ ಅವರ ಎದೆಬಡಿತ ನಿಂತಿತು.

ಉತ್ತರಕ್ರಿಯೆ ಮುಗಿದ ಮೇಲೆ ಪ್ರಕಾಶ ನಮ್ಮ ಮನೆಗೆ ಬಂದ. ಬೈಂದೂರಿನವರು ಮತ್ತೆ ಕರೆದಿದ್ದರಂತೆ.

"ಇನ್ನೊಂದ್ ವರ್ಷ ಇತ್ತಲ್ದಾ, ಮಾಷ್ಟ್ರೆ?"

ನಾನು ನಡಾವಳಿ ಪುಸ್ತಕ ತೆರೆದು ಅವನ ಮುಂದಿಟ್ಟೆ. ಆ ಸಾಲನ್ನು ಓದಿದ. ಮುಂದಿನ ಪುಟ ತಿರುವಿ, ಹಿಂದಿನ ಪುಟಕ್ಕೆ ಮರಳಿ, ಮತ್ತೊಮ್ಮೆ ಓದಿದ.

"ಇದ್ ಸಂಜೀವಣ್ಣಂಗೆ ಗೊತ್ತಿತ್ತಾ?"

"ಇಲ್ಲ. ಅವರು ಹೋದ ಮೇಲೆ ನನ್ನ ಕಣ್ಣಿಗೆ ಬಿತ್ತು."

"ಗೊತ್ತಿದ್ದಿರೆ ಬಿಡ್ತಿದ್ರ್" ಎಂದ ಪ್ರಕಾಶ.

"ಬಿಡುತ್ತಿದ್ದರು" ಎಂದು ಪುಸ್ತಕ ಮುಚ್ಚಿದೆ.