ಪಿಸ್ಟನ್ನಿಗಿಟ್ಟ ಕುಂಕುಮ

ಕಬ್ಬಿಣದ ಅದಿರಿನ ಗಣಿ ಜೋರಾಗಿದ್ದ ವರ್ಷಗಳಲ್ಲಿ ಹೊಸಪೇಟೆ ಸುತ್ತ ಟ್ರ್ಯಾಕ್ಟರ್ ಮೆಕ್ಯಾನಿಕ್ ಸಿಗುವುದೇ ಕಷ್ಟವಾಗಿತ್ತು. ಎಲ್ಲರೂ ಟಿಪ್ಪರ್ ರಿಪೇರಿಗೆಂದು ಯಶವಂತನಗರದ ಕಡೆ ಹೋಗಿಬಿಟ್ಟಿದ್ದರು. ಅಂಥದ್ದರಲ್ಲಿ ಕಡ್ಡಿರಾಂಪುರದ ನಮ್ಮ ಗದ್ದೆಗೆ ಸರದಿಯ ಕಾಲುವೆ ನೀರು ಇನ್ನು ನಾಲ್ಕೇ ದಿನ ಬರುವುದು ಅನ್ನುವಾಗ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಕೈಕೊಟ್ಟಿತು. ಹಿಂದೆ ಕಟ್ಟಿದ, ಉಳುವ ಕಲ್ಟಿವೇಟರನ್ನು ಎತ್ತಿದರೆ ನಿಲ್ಲದು, ಮೆಲ್ಲಗೆ ಇಳಿದು ನೆಲಕ್ಕೆ ಕೂರುವುದು. ಕಾಲುವೆ ಬಂದ್ ಆಗುವುದರೊಳಗೆ ಗದ್ದೆ ಕೆಸರು ಮಾಡದಿದ್ದರೆ ಆ ಸಲ ನಾಟಿಯೇ ಇಲ್ಲ.

ಪರಿಚಯದ ಮೆಕ್ಯಾನಿಕ್ ಒಬ್ಬರು ರಜೆಯ ದಿನ ಬಂದರು. ಯಾವ ಮಷೀನ್ ಬಿಚ್ಚಿದರೂ ಪಕ್ಕದಲ್ಲಿ ಕೂತು ನೋಡುವುದು ನನ್ನ ಚಟ. ಒಳಗಿಂದ ತೆಗೆದ ಪಿಸ್ಟನ್ ಚಹಾ ಲೋಟದಷ್ಟಿತ್ತು. ಅದರ ಸುತ್ತಲಿನ ರಬ್ಬರ್ ಸೀಲ್ ಸವೆದು, ಎಣ್ಣೆ ಅಲ್ಲಿಂದ ಜಾರುತ್ತಿತ್ತಂತೆ. ಹೊಸ ಪಿಸ್ಟನ್ನು, ಸೀಲು ಬಂದವು. ನಮ್ಮಲ್ಲಿ ಹೊಸದು ಏನೇ ಬಂದರೂ ಕುಂಕುಮ ಇಡದೆ ಬಳಸುವುದಿಲ್ಲ. ಮನೆಯಲ್ಲೇ ಅರಿಷಿಣ, ಸುಣ್ಣ ಕಲಸಿ ಮಾಡಿದ ಕುಂಕುಮವನ್ನು ಪಿಸ್ಟನ್ನಿಗೆ ಧಾರಾಳವಾಗಿಯೇ ಇಟ್ಟೆ. ನಮ್ಮನೆಯವರು ಎದುರಿಗೆ ನಿಂತಂತೆಯೇ ಮೆಕ್ಯಾನಿಕ್ ಅದನ್ನು ಕೂಡಿಸಿ ಹೋದರು.

ಮರುದಿನ ಲಿಫ್ಟ್ ಮತ್ತೆ ಕೂತಿತು. ಹೇಳಿಕಳಿಸಿದ್ದಕ್ಕೆ ಮೆಕ್ಯಾನಿಕ್ ಸಂಜೆ ಬಂದು ಬಿಚ್ಚಿದರು. ಹೊಸ ಸೀಲ್ ಒಂದು ಕಡೆ ಹರಿದಿತ್ತು, ಅಲ್ಲೇ ಕೆಂಪು ಹರಳು.

"ಅದಿರಿನ ಧೂಳು," ಎಂದರು ನಮ್ಮನೆಯವರು. "ಎಷ್ಟ್ ಸೀಲ್ ಹಾಕಿದ್ರೂ ಇಷ್ಟ ಇದು. ಟ್ರೇಲರ್ ಎಳಿಯಾಕ ಲಿಫ್ಟ್ ಬೇಕಾಗಂಗಿಲ್ಲ. ಗಾಡಿ ಸಂಡೂರಿಗೆ ಕಳಿಸಿಬಿಡೂಣು, ಅದಿರು ಹೊರ್ಲಿ."

ಗದ್ದೆ ಬೀಳು ಬಿಡುವ ಮಾತು ಅದು. ಸದಾ ಮಾತಾಡುವ ಮೆಕ್ಯಾನಿಕ್ ತಲೆ ತಗ್ಗಿಸಿ ಸ್ಪ್ಯಾನರ್ ಒರೆಸುತ್ತಿದ್ದರು. ಆ ಹರಳು ನಿಜಕ್ಕೂ ಅದಿರಿನದೇ? ನನಗೆ ತಡೆಯಲಾಗಲಿಲ್ಲ. ಹರಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲೆ ಉಜ್ಜಿ, ನಿಂಬೆಹಣ್ಣು ಹಿಂಡಿದೆ. ನಾನು ಓದಿದ ಕಾನ್ವೆಂಟಿನ ಸೈನ್ಸ್ ಸಿಸ್ಟರ್ ಅರಿಷಿಣದ ಪೇಪರಿಗೆ ಸುಣ್ಣದ ನೀರು ಹಾಕಿ ಕೆಂಪು ಮಾಡಿ, ನಿಂಬೆರಸ ಬಿಟ್ಟು ಮತ್ತೆ ಹಳದಿ ಮಾಡುತ್ತಿದ್ದರು. ಅದಿರು ಯಾವ ಹುಳಿಗೂ ಹಳದಿಯಾಗುವುದಿಲ್ಲ.

ಬಟ್ಟೆ ಹಳದಿಯಾಯಿತು. ನನ್ನ ಮುಖ ಹೇಗಾಗಿತ್ತೋ!

"ಕೂಡಿಸೋ ಮುಂದ ಒರಸ್ಲಿಲ್ಲೇನ್ರಿ?" ಎಂದೆ ಮೆಕ್ಯಾನಿಕ್‌ಗೆ.

"ಮುತ್ತೈದಿ ಇಟ್ಟ ಕುಂಕುಮ ನಾ ಹೆಂಗ ಒರಸ್ಲಿ ಅಮ್ಮಾರ? ಅದೂ ಯಜಮಾನ್ರು ಎದುರಿಗೇ ನಿಂತಿದ್ರು!"

ನಮ್ಮನೆಯವರು ಹೊಟ್ಟೆ ಹಿಡಿದು ನಕ್ಕರು. "ಕುಂಕುಮ ಇಡೋವಾಗ ನಿನ್ ಕಾನ್ವೆಂಟ್ ಸೈನ್ಸ್ ಎಲ್ಲಿಗ್ ಹೋಗಿತ್ತು?"

"ನೀವು ಧೂಳು ಅಂದ್ರಲ್ಲ, ಅದು ಯಾವ ಸೈನ್ಸು?"

ಮೆಕ್ಯಾನಿಕ್ ತಮ್ಮ ಚೀಲದಿಂದ ಇನ್ನೊಂದು ಹೊಸ ಸೀಲ್ ತೆಗೆದರು. ಆದರೆ ಪಿಸ್ಟನ್ನಿನ ಅಂಚಿನಲ್ಲಿ ನನ್ನ ಕುಂಕುಮ ಇನ್ನೂ ಮೆತ್ತಿಕೊಂಡಿತ್ತು. ಇಬ್ಬರು ಗಂಡಸರೂ ಅದನ್ನು ಮುಟ್ಟಲಿಲ್ಲ. ಬಟ್ಟೆ ನಾನೇ ತಗೊಂಡೆ. ಸಿಲ್ಲಿ ಅನಿಸಬಹುದು, ಈಗ ಬರೆಯುವಾಗ ನನಗೂ ಅನಿಸುತ್ತದೆ. ಆದರೂ ನಮ್ಮನೆಯವರ ಮುಂದೆ ಅದನ್ನು ಒರೆಸುವಾಗ ಕೈ ಒಂದು ಗಳಿಗೆ ನಿಂತಿತು. "ಹೂಂ, ಒರಸು," ಎಂದರು ಅವರು, ಈ ಸಲ ನಗದೆ. ಒರೆಸಿದೆ.

ಪಿಸ್ಟನ್ ಒಳಗೆ ಹೋಯಿತು. ಕಲ್ಟಿವೇಟರ್ ಎತ್ತಿ, ಮೂವರೂ ಚಹಾ ಕುಡಿಯುತ್ತ ಅದನ್ನೇ ನೋಡುತ್ತ ಕೂತೆವು. ಒಂದು ಬೆರಳಿನಷ್ಟೂ ಇಳಿಯಲಿಲ್ಲ. ನಮ್ಮನೆಯವರು ಲೋಟ ಕೆಳಗಿಟ್ಟು, ಪಂಚೆ ಮೇಲೆ ಕಟ್ಟಿ, ಟ್ರ್ಯಾಕ್ಟರನ್ನು ನೀರು ನಿಂತ ಗದ್ದೆಗೆ ಇಳಿಸಿದರು.