ಶಾಣ್ಯಾ ಕೂಸು

ತೊಟ್ಟಿಲು ತೂಗುತ್ತಲೇ ಆಕೆ ನನ್ನ ಪ್ರಶ್ನೆಗಳಿಗೆಲ್ಲ ನಗುನಗುತ್ತಾ ಉತ್ತರಿಸಿದಳು. ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಸುಮ್ಮಸುಮ್ಮನೆ ಅಳು ಬರುವುದಿಲ್ಲ. ಬಾಣಂತಿಯರ ಮನಸ್ಸು ಹೇಗಿದೆಯೆಂದು ಅಳೆಯಲು ನಮ್ಮ ಆಸ್ಪತ್ರೆ ಸಿದ್ಧಪಡಿಸಿದ ಪ್ರಶ್ನೆಗಳವು. ಮರಾಠಿ ನಾಡಿನ ಕೋಥರೂಡ ಬಡಾವಣೆಯ ಆ ಮನೆ ಕನ್ನಡದವರದೆಂದು ನನ್ನನ್ನೇ ಕಳಿಸಿದ್ದರು. ಗಂಡ ಚಾಕಣದ ಕಾರ್ಖಾನೆಗೆ ಹೋಗಿದ್ದ. ಮನಸ್ಸಿನಲ್ಲೇ ನಾನು ಆಕೆಯನ್ನು ಪಾಸು ಮಾಡಿಬಿಟ್ಟಿದ್ದೆ.

ಹೊರಡುವ ಮುನ್ನ ಕೂಸಿನ ಮುಖ ನೋಡೋಣವೆಂದು ತೊಟ್ಟಿಲಿಗೆ ಬಗ್ಗಿದೆ. ಕುಂಚಿಗೆ ತೊಡಿಸಿ, ಕಾಡಿಗೆಯ ಬೊಟ್ಟಿಟ್ಟು, ಬೆಚ್ಚಗೆ ಹೊದಿಸಿ ಮಲಗಿಸಿದ್ದು ರುಬ್ಬುವ ಗುಂಡುಕಲ್ಲನ್ನು!

ನಮ್ಮ ಕಡೆ ಹೆಸರಿಡುವ ದಿನ ಆ ಕಲ್ಲನ್ನು ಗುಂಡಪ್ಪನೆಂದು ಸಿಂಗರಿಸಿ, ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂಬ ಹಾರೈಕೆ. ಶಾಸ್ತ್ರ ಮುಗಿದರೆ ಕಲ್ಲು ಅಡುಗೆಮನೆಗೆ ಮರಳುತ್ತದೆ. ಈ ಮನೆಯಲ್ಲಿ ಹೆಸರಿಟ್ಟು ವಾರಗಳೇ ಕಳೆದಿದ್ದವು.

“ಕೂಸು ಎಲ್ಲಿ ಅದ ತಂಗಿ?” ಎಂದೆ.

ಆಕೆ ಮುಚ್ಚಿದ ಒಳಕೋಣೆಯತ್ತ ಕಣ್ಣು ಹಾಯಿಸಿದಳು. ಅಷ್ಟು ಹೊತ್ತೂ ಪಕ್ಕದ ಮನೆಯದೆಂದು ನಾನು ತಿಳಿದಿದ್ದ ಅಳು ಆ ಬಾಗಿಲ ಹಿಂದಿನಿಂದ ಬರುತ್ತಿತ್ತು.

“ಅದು ಭಾಳ ಅಳ್ತದ್ರಿ. ಇದು ಶಾಣ್ಯಾ ಅದ, ನೋಡ್ರಿ,” ಎಂದವಳೇ ಗುಂಡಪ್ಪನ ಹೊದಿಕೆ ಸರಿಪಡಿಸಿ ಮತ್ತೆ ತೂಗತೊಡಗಿದಳು.

ಒಳಗಿದ್ದ ಕೂಸನ್ನೆತ್ತಿಕೊಂಡು, ಆಕೆಯ ಕೈಹಿಡಿದು ಡಾಕ್ಟರ ಬಳಿ ಕರೆದೊಯ್ದೆ. ಈಗ ಇಬ್ಬರೂ ಚೆನ್ನಾಗಿದ್ದಾರೆ. ನಾನು ಮಾತ್ರ ಯಾವ ಬಾಣಂತಿಯ ಮನೆಗೆ ಹೋದರೂ ಮೊದಲು ತೊಟ್ಟಿಲಿಗೆ ಕೈಹಾಕಿ, ಕೆನ್ನೆ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಪ್ರಶ್ನೆಗಳು ಆಮೇಲೆ.