ವೈರೇ ಇಲ್ಲದ ಪ್ಲಗ್

ಆಯುಧಪೂಜೆಯ ಮರುದಿನ ವಾಡಿಯ ನಮ್ಮ ಕಲ್ಲುಗಣಿ ಕಚೇರಿಯ ಹಳೆಯ ದಾಖಲೆ ಓದುವ ಟೇಪ್ ಡ್ರೈವ್ ಕಂಪ್ಯೂಟರಿಗೆ ಕಾಣಿಸಲೇ ಇಲ್ಲ. ದೀಪ ಉರಿಯುತ್ತಿತ್ತು, ಕೇಬಲ್ ಬಿಗಿಯಾಗಿತ್ತು. ಮೂರು ಸಲ ಬಿಚ್ಚಿ ಹಾಕಿದರೂ ತಲೆಬುಡ ತಿಳಿಯಲಿಲ್ಲ. ರಾವೂರದ ನಿವೃತ್ತ ಕಾರ್ಮಿಕರೊಬ್ಬರ ಸೇವಾ ದಾಖಲೆ ಅದರೊಳಗಿನ ಟೇಪಿನಲ್ಲಷ್ಟೇ ಇತ್ತು. ಎದುರಿಗೇ ಕೂತಿದ್ದ ಅವರು, “ನನ್ನ ಹೆಸರು ಅಳಿಸಿ ಹೋಯ್ತೇನ್ರಿ?” ಎಂದರು.

ಕಚೇರಿ ಗುಡಿಸುವ ಶರಣಮ್ಮ ಅಳುಕುತ್ತಾ ಹೇಳಿದರು: “ಸಾಹೇಬ್ರ, ಅದರ ಹಿಂದಿನ ಸಣ್ಣ ಪ್ಲಗ್ಗಿಗಿ ವೈರೇ ಇರಲಿಲ್ರಿ. ಬ್ಯಾರೆ ಸಾಮಾನು ಅಂತ ತಿಳಿದು, ತೆಗದು ದೇವರ ಮುಂದ ಪೂಜಾಕ್ಕ ಇಟ್ಟೀನ್ರಿ.”

ಕುಂಕುಮ ಒರೆಸಿ, ಅದನ್ನು ಡ್ರೈವಿನ ಹಿಂದೆ ಸಿಕ್ಕಿಸಿ ಮತ್ತೆ ಚಾಲೂ ಮಾಡಿದೆ. ಪರದೆಯ ಮೇಲೆ ಆ ಕಾರ್ಮಿಕರ ಹೆಸರು ಬಂತು.

ಬೇರೇನನ್ನೂ ಜೋಡಿಸದ ಆ ತುಂಡು ಏನು ಮಾಡುತ್ತದೋ ನನಗಿನ್ನೂ ಅರ್ಥವಾಗಿಲ್ಲ. ಈ ವರ್ಷದ ಆಯುಧಪೂಜೆಗೆ ಅದನ್ನು ಬಿಚ್ಚಲಿಲ್ಲ. ಮೊದಲ ಕುಂಕುಮವನ್ನು ಇದ್ದಲ್ಲೇ ಅದಕ್ಕೆ ಹಚ್ಚಿದೆ.